ಮೂವತ್ತು ಜನರನ್ನು ಕಟ್ಟಿಕೊಂಡು ಕುಲದೇವರ ಊರಿಗೆ: ನನ್ನ ಅನುಭವ

ಮೂವತ್ತು ಜನರನ್ನು ಕಟ್ಟಿಕೊಂಡು ಗೋವಾದ ಕುಲದೇವರ ಊರಿಗೆ ಹೋಗಿ, ಯಾರ ಮುಖವೂ ಊದಿಕೊಳ್ಳದೆ ವಾಪಸ್ ಬರಬಹುದು. ನಾವು ಬಂದಿದ್ದೇವೆ. ನಾನು ಈ ಪ್ಲಾನ್ ಹೇಳಿದಾಗ ಕುಂದಾಪುರದ ದೊಡ್ಡಪ್ಪ, "ಎರಡೇ ದೇವಸ್ಥಾನ ನೋಡೋಕೆ ಅಷ್ಟು ದೂರ ಯಾಕೆ ಮಾರಾಯ?" ಅಂದಿದ್ದರು. ಮುಂಬಯಿ ಮಾಮ ಫೋನಿನಲ್ಲೇ ನಕ್ಕಿದ್ದರು. ಈಗ ಇಬ್ಬರೂ ತಮ್ಮ ತಮ್ಮ ಬೀಗರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಒಂದು ಸಲ ಬರೆದುಬಿಡೋಣ ಅಂತ ಕೂತೆ.

ನಮ್ಮದು ಗೋವಾದ ಮಾರ್ದೋಳದಲ್ಲಿರುವ ಮ್ಹಾಳಸಾ ನಾರಾಯಣಿ ದೇವಿಯ ಕುಳಾವಿ ಕುಟುಂಬ, ಅಂದ್ರೆ ಅವಳೇ ನಮ್ಮ ಕುಲದೇವರು. ಕುಂದಾಪುರ, ಉಡುಪಿ, ಶಿರಸಿ, ಬೆಂಗಳೂರು, ಮುಂಬಯಿ ಅಂತ ಚದುರಿ ಹೋಗಿದ್ದೇವೆ. ಅಗ್ರಶಾಲೆ (ದೇವಸ್ಥಾನದ ವಸತಿ), ಸೇವೆ, ಪ್ರಸಾದದ ಕೂಪನ್ ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಹಿಂದೆ ಹೋದಾಗಲೆಲ್ಲ ಏನಾಗುತ್ತಿತ್ತು ಅಂತ ಹೇಳುತ್ತೇನೆ. ಮೇ ತಿಂಗಳು, ಮಕ್ಕಳಿಗೆ ರಜೆ. ಊರಿನಿಂದಲೇ ಒಂದು ದೊಡ್ಡ ಬಸ್ಸು. ಎರಡು ದಿನದಲ್ಲಿ ಮಂಗೇಶಿ, ಮಾರ್ದೋಳ, ರಾಮನಾಥಿ, ನಾಗೇಶಿ, ಮಹಾಲಕ್ಷ್ಮಿ, ಕವಳೆಯ ಶಾಂತಾದುರ್ಗೆ, ಸಾಧ್ಯವಾದರೆ ಶಿರೋಡೆಯ ಕಾಮಾಕ್ಷಿ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಫೋಂಡಾ ಸುತ್ತಮುತ್ತ, ಒಂದಕ್ಕೊಂದು ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಮೂವತ್ತು ಜನ ಬಸ್ಸಿನಿಂದ ಇಳಿಯುವುದು, ಚಪ್ಪಲಿ ಬಿಡುವುದು, ಹಣ್ಣುಕಾಯಿ ಕೊಳ್ಳುವುದು, ಬಾತ್‌ರೂಮು, ಒಂದು ಗ್ರೂಪ್ ಫೋಟೋ, ಮತ್ತೆ ತಲೆ ಎಣಿಸಿ ಹತ್ತಿಸುವುದು ಅಂದ್ರೆ ಒಂದೊಂದು ಕಡೆ ಒಂದೂವರೆ ಗಂಟೆ ಗ್ಯಾರಂಟಿ. ದರ್ಶನಕ್ಕೆ ಸಿಗುವುದು ಹತ್ತು ನಿಮಿಷ. ಮೇ ತಿಂಗಳ ಸೆಕೆಯಲ್ಲಿ ರೇಷ್ಮೆ ಸೀರೆ ಬೇರೆ. ನಾಲ್ಕನೇ ದೇವಸ್ಥಾನದಲ್ಲಿ ತಂಗಿಯ ಮಗ ಕೇಳಿದ, "ಇದು ಬೆಳಿಗ್ಗೆ ನೋಡಿದ್ದೇ ಅಲ್ವಾ?" ಅಂತ. ಪಾಪ, ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಅದೇ ದೀಪಸ್ತಂಭ, ಅದೇ ಕೆರೆ, ಅದೇ ಹಂಚಿನ ಮಾಡು.

ಬಸ್ಸಿನ ಇನ್ನೊಂದು ಪೀಡೆ ಪರ್ಮಿಟ್ಟು. ಒಂದು ಸಲ ಮಾಜಾಳಿ ದಾಟಿ ಪೊಳೆಂ ಚೆಕ್‌ಪೋಸ್ಟಿಗೆ ಬಂದ ಮೇಲೆ ಡ್ರೈವರ್ ಮೆಲ್ಲಗೆ ಹೇಳಿದ, ಗೋವಾ ಪರ್ಮಿಟ್ ಕಾಗದ ಮಾಲೀಕನ ಹತ್ರ ಉಳಿದಿದೆ ಅಂತ. ಅರ್ಧ ದಿನ ಹೋಯಿತು. ಆರೆಂಟು ಸಾವಿರ ಕೈಬಿಟ್ಟಿತು. ಅಷ್ಟರಲ್ಲಿ ಮಾರ್ದೋಳದಲ್ಲಿ ಬರೆಸಿದ್ದ ಸೇವೆ ಮುಗಿದು, ಊಟವೂ ಮುಗಿದಿತ್ತು. ಆಮೇಲೆ ಒಂದು ಸಲ ಅವರವರ ಕಾರಿನಲ್ಲಿ ಹೋಗೋಣ ಅಂತಾಯಿತು. ಅದಂತೂ ಇನ್ನೂ ಚೆಂದ. ಸಂಜೆ ಆರತಿಯ ಹೊತ್ತಿಗೆ ಒಂದು ಕಾರು ಕಲಂಗುಟ್ ಬೀಚಿನಲ್ಲಿ, ಒಂದು ಮಡಗಾಂವಿನ ಗ್ಯಾರೇಜಿನಲ್ಲಿ, ಇನ್ನೊಂದರವರು ಫೋನ್ ಎತ್ತಲೇ ಇಲ್ಲ.

ಈ ಸಲ ನಾನು ಬದಲಿಸಿದ್ದು ಮುಖ್ಯವಾಗಿ ಒಂದನ್ನೇ. ದೇವರು ಈಗ ಇರುವ ಊರಿಗಿಂತ ಮೊದಲು, ದೇವರು ಬಿಟ್ಟುಬಂದ ಊರಿಗೆ ಹೋದೆವು. ಅಂದ್ರೆ ಮೊದಲು ವೆರ್ಣಾ, ಆಮೇಲೆ ಮಾರ್ದೋಳ. ನಡೆದು ಹೋಗುವಷ್ಟು ಹತ್ತಿರದ ಮಂಗೇಶಿ ಬಿಟ್ಟರೆ ಉಳಿದದ್ದೆಲ್ಲ ಕಟ್.

ನಮ್ಮಲ್ಲಿ ಹೆಚ್ಚಿನವರು ಮಾರ್ದೋಳವೇ ಮೂಲ ಅಂದುಕೊಂಡಿದ್ದಾರೆ. ಮೂಲ ಇರುವುದು ಜುವಾರಿ ನದಿಯ ಈಚೆ, ಸಾಷ್ಟಿ (ಸಾಲ್ಸೆಟ್) ಸೀಮೆಯ ವೆರ್ಣಾದಲ್ಲಿ. ಸಾಷ್ಟಿ 1543ರಲ್ಲೇ ಪೋರ್ಚುಗೀಸರ ಕೈಗೆ ಹೋಗಿತ್ತು. 1567ರಲ್ಲಿ ರಾಚೋಲ್ ಕೋಟೆಯ ಕಪ್ತಾನ ದಿಯೋಗೊ ರೊಡ್ರಿಗ್ಸ್ ಅಲ್ಲಿನ ದೇವಸ್ಥಾನಗಳನ್ನು ಕೆಡವಿಸಿದ. ಮೂರ್ತಿಗಳನ್ನು ನದಿ ದಾಟಿಸಿ ಫೋಂಡಾ ಕಡೆ ಒಯ್ದರು. ಅದು ಆಗ ಬಿಜಾಪುರದ ಆದಿಲ್‌ಶಾಹಿ ಸೀಮೆ. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ಲೋಟಲಿಯ ರಾಮನಾಥ ಎಲ್ಲರದ್ದೂ ಇದೇ ಕತೆ. ದೇವರ ಜೊತೆ ಕೆಲವರು ನದಿ ದಾಟಿದರು, ಕೆಲವರು ದಕ್ಷಿಣಕ್ಕೆ ಕರಾವಳಿ ಹಿಡಿದು ಬಂದರು. ಬಸ್ರೂರು, ಹರಿಖಂಡಿಗೆಯಲ್ಲಿ ಮ್ಹಾಳಸೆ ಇರುವುದು ಹಾಗೆ ಬಂದವರಿಂದಲೇ. ಇದನ್ನು ಬಸ್ಸಿನಲ್ಲಿ ಮೈಕ್ ಹಿಡಿದು ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಿ ನೋಡಿದ್ದೇನೆ. ಅದೇ ದಾರಿಯಲ್ಲಿ ಕರೆದುಕೊಂಡು ಹೋದರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ವೆರ್ಣಾದಲ್ಲಿ ಈಗ ಹಳೆಯ ಜಾಗದಲ್ಲೇ ಹೊಸ ದೇವಸ್ಥಾನ ಇದೆ. ಅಲ್ಲಿನವರು ಜೂನೇ ಮಾರ್ದೋಳ, ಅಂದ್ರೆ ಹಳೇ ಮಾರ್ದೋಳ, ಅನ್ನುತ್ತಾರೆ. ಊರಿನ ಆಚೆ ದೊಡ್ಡ ಇಂಡಸ್ಟ್ರಿಯಲ್ ಎಸ್ಟೇಟು, ಹೈವೇ ಗಲಾಟೆ. ಪೂರ್ವಜರ ಊರು ಅಂದ್ರೆ ತೋಟ, ಗದ್ದೆ, ಹರಿಯುವ ಹೊಳೆ ಅಂತೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದವರಿಗೆ ಮೊದಲು ಸ್ವಲ್ಪ ಪಿಚ್ಚೆನಿಸುತ್ತದೆ. ಇರಲಿ. ನಾವು ಮುಟ್ಟಿದ್ದು ಮಧ್ಯಾಹ್ನ ಮೂರೂವರೆ ಸುಮಾರಿಗೆ. ಜನ ಇರಲಿಲ್ಲ. ದೊಡ್ಡಪ್ಪ ಗಾಡಿಯಲ್ಲೇ ಚಪ್ಪಲಿ ಬಿಟ್ಟು ಇಳಿದರು. ಎಂಬತ್ತು ದಾಟಿದ ದೊಡ್ಡತ್ತೆ ಕೈಮುಗಿದು ಮುಗಿಸಿ, ಪಕ್ಕದಲ್ಲಿ ಗುಡಿಸುತ್ತಿದ್ದ ಹೆಂಗಸನ್ನು ಮಾತಿಗೆಳೆದರು. ಕೇಳಿದ್ದೇನು ಅಂದ್ರೆ, ಇಲ್ಲಿ ಬಾವಿ ಎಷ್ಟು ಆಳ, ಬೇಸಿಗೆಯಲ್ಲಿ ನೀರು ಇರುತ್ತಾ, ನೀರು ಉಪ್ಪಾ ಸಿಹಿಯಾ. ಹದಿನೈದು ನಿಮಿಷ ಅದೇ ವಿಚಾರಣೆ. ಆಮೇಲೆ ನಮ್ಮ ಕಡೆ ತಿರುಗಿ, "ನೀರಿಗೆ ತೊಂದ್ರೆ ಇರ್ಲಿಲ್ವಂತೆ, ಸುಮ್ನೆ ಯಾರೂ ಊರು ಬಿಡಲ್ಲ" ಅಂದರು. ನನ್ನ ಇತಿಹಾಸ ಪಾಠ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮಾರ್ದೋಳಕ್ಕೆ ಎರಡು ದಾರಿ. ಹೊಸ ಜುವಾರಿ ಸೇತುವೆಯ ದಾರಿಯಲ್ಲಿ ಹೋಗಿ ಅಂತ ಡ್ರೈವರ್ ಹೇಳುತ್ತಾನೆ. ಬೇಡ ಅನ್ನಿ. ಲೋಟಲಿ ಮೇಲೆ ಬೋರಿ ಸೇತುವೆಗೆ ಬನ್ನಿ, ಬಿಸಿಲು ಇಳಿಯುವ ಹೊತ್ತಿಗೆ. ಸೇತುವೆ ಮೇಲೆ ನಿಲ್ಲಿಸಲು ಆಗುವುದಿಲ್ಲ, ನಿಧಾನ ಹೋಗಿ ಅಂದ್ರೆ ಸಾಕು. ಕೆಳಗೆ ನೀರು ನೋಡಿ ದೊಡ್ಡಪ್ಪ ಕೇಳಿದ್ದು, "ಇಷ್ಟೇ ಅಗಲವಾ?" ಅಂತ. ಅಷ್ಟೇ. ದೋಣಿಯಲ್ಲಿ ಹತ್ತು ನಿಮಿಷದ ನೀರು. ಒಂದು ದಂಡೆಯಲ್ಲಿ ಇದ್ದರೆ ದೇವರು ಉಳಿಯುವುದಿಲ್ಲ, ಇನ್ನೊಂದು ದಂಡೆಯಲ್ಲಿ ಉಳಿಯುತ್ತದೆ. ಗಾಡಿಯಲ್ಲಿ ಯಾರೂ ಅಂತ್ಯಾಕ್ಷರಿ ಹಾಡಲಿಲ್ಲ, ಫೋಂಡಾ ಬರುವ ತನಕ.

ಇನ್ನು ಪ್ರಯಾಣ. ಐಆರ್‌ಸಿಟಿಸಿಯಲ್ಲಿ ಒಂದು ಟಿಕೆಟಿಗೆ ಆರೇ ಜನ. ರಿಸರ್ವೇಶನ್ ತೆರೆಯುವುದು 60 ದಿನ ಮೊದಲು. ಅಷ್ಟು ಮುಂಚೆ ನಮ್ಮವರ ಹತ್ರ "ಬರ್ತೀನಿ" ಅನ್ನಿಸುವುದು ದೇವರಿಂದಲೂ ಆಗದ ಕೆಲಸ. ಹಾಗಾಗಿ ರಿಸರ್ವೇಶನ್ ಗೋಜಿಗೇ ಹೋಗಲಿಲ್ಲ. ಬೆಳಗಿನ ಮಂಗಳೂರು–ಮಡಗಾಂವ್ ಲೋಕಲ್ ಗಾಡಿ ಹಿಡಿದೆವು. ಅವರವರ ಸ್ಟೇಷನ್ನಿನಲ್ಲಿ ಅವರವರು ಹತ್ತುವುದು. ಉಡುಪಿಯಲ್ಲಿ ಐದು, ಕುಂದಾಪುರದಲ್ಲಿ ಹತ್ತು ಹನ್ನೆರಡು, ಶಿರಸಿಯವರು ಕುಮಟಾಕ್ಕೆ ಇಳಿದು ಬಂದು ಅಲ್ಲಿ. ಬೆಂಗಳೂರಿನವರು ರಾತ್ರಿ ಬಸ್ಸಿನಲ್ಲಿ ಕಾರವಾರಕ್ಕೆ ಬಂದು ಮುಖ ತೊಳೆದು ಸೇರಿಕೊಂಡರು. ಕುಂದಾಪುರದಿಂದ ಟಿಕೆಟ್ ನೂರು ರೂಪಾಯಿ ಒಳಗೇ. ಒಂದೊಂದು ಸ್ಟೇಷನ್ನಿಗೂ ಮಕ್ಕಳು ಕಿಟಕಿಯಲ್ಲಿ ತಲೆ ಹಾಕಿ ಕೂಗುವುದೇನು, ಹತ್ತಿದವರ ಡಬ್ಬಿಗಳು ತೆರೆಯುವುದೇನು! ಪ್ರವಾಸ ಅಲ್ಲೇ ಶುರುವಾಗಿತ್ತು. ವಯಸ್ಸಾದವರಿಗೆಲ್ಲ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೇಗೆ ಸಿಕ್ಕಿತು ಅನ್ನುವುದನ್ನು ಬರೆಯುವುದಿಲ್ಲ, ಮುಂದಿನ ಸಲ ನಮಗೇ ಬೇಕು.

ಮಡಗಾಂವಿನಲ್ಲಿ ಗೋವಾ ನಂಬರಿನ ಎರಡು ಟೆಂಪೋ ಟ್ರಾವೆಲರ್ ಕಾಯುತ್ತಿದ್ದವು. ಪರ್ಮಿಟ್ಟಿನ ಪೀಡೆ ಇಲ್ಲ. ದಿನಕ್ಕೆ ಒಂದಕ್ಕೆ ಐದೂವರೆ ಸಾವಿರದ ಹತ್ತಿರ. ಬಂದ ದಿನ ಮತ್ತು ಹೊರಡುವ ದಿನಕ್ಕೆ ಮಾತ್ರ ಹೇಳಿದ್ದೆ. ನಡುವಿನ ದಿನ ಗಾಡಿಯೇ ಇಲ್ಲ. ಮಾರ್ದೋಳದಿಂದ ಮಂಗೇಶಿ ಒಂದು ಕಿಲೋಮೀಟರ್ ಆಚೀಚೆ, ಸಂಜೆ ನಡೆದುಕೊಂಡೇ ಹೋದೆವು. ಗಾಡಿ ಬಾಗಿಲಲ್ಲಿ ನಿಂತಿದ್ದರೆ ಯಾರಿಗಾದರೂ ಬೀಚು ನೆನಪಾಗುತ್ತದೆ. ಇಲ್ಲದಿದ್ದರೆ ಇಲ್ಲ.

ದುಡ್ಡಿನ ವಿಷಯ. ದೊಡ್ಡವರಿಗೆ ತಲೆಗೆ ಎರಡೂವರೆ ಸಾವಿರ, ಮಕ್ಕಳಿಗೆ ಅದರ ಅರ್ಧ. ಹೊರಡುವ ಮೊದಲೇ ವಸೂಲಿ, ಬರದಿದ್ದರೂ ವಾಪಸ್ ಇಲ್ಲ. ಈ ಒಂದು ಮಾತಿಗೆ ಇಬ್ಬರು ಮುನಿಸಿಕೊಂಡರು, ಆದರೆ ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಂಡವರು ಯಾರೂ ಇಲ್ಲ. ಒಟ್ಟು ಅರವತ್ತು ಸಾವಿರದ ಮೇಲೆ ಸೇರಿತು. ಗಾಡಿಗೆ ಇಪ್ಪತ್ತೆರಡು, ಎರಡು ರಾತ್ರಿಯ ರೂಮಿಗೆ ಹದಿನಾಲ್ಕರ ಹತ್ತಿರ, ಊಟ ತಿಂಡಿಗೆ ಹನ್ನೆರಡು, ಎಲ್ಲರ ಹೆಸರಿನ ಸೇವೆ, ದಕ್ಷಿಣೆಗೆ ಎಂಟು, ಚಿಲ್ಲರೆ ಮೂರು. ಸುಮಾರು ಮೂರ್ನಾಲ್ಕು ಸಾವಿರ ಉಳಿಯಿತು. ರೈಲು ಟಿಕೆಟ್, ಹುಂಡಿ, ಸ್ವಂತದ ಹರಕೆ ಅವರವರದ್ದು.

ದುಡ್ಡಿನ ಡಬ್ಬಿ ಅತ್ತಿಗೆಯ ಕೈಯಲ್ಲಿ ಕೊಟ್ಟೆ. ಹಿರಿಯರ ಕೈಗೆ ಕೊಟ್ಟರೆ ಅವರಿಗೆ ದಾಕ್ಷಿಣ್ಯ. "ಒಂದೆರಡು ಲಸ್ಸಿ ತಾನೇ, ಬಿಡು" ಅಂತ ಆಗುತ್ತದೆ. ಸೊಸೆಯ ಹತ್ರ ಮಾವಂದಿರಿಗೆ ಹಾಗೆ ಕೇಳಲು ಮುಜುಗರ. ಮುಂಬಯಿ ಮಾಮ ಪೂರ್ತಿ ಖರ್ಚು ತಾವೇ ಕೊಡುತ್ತೇನೆ ಅಂದರು. ನಯವಾಗಿ ಬೇಡ ಅಂದೆ. ದುಡ್ಡು ಕೊಟ್ಟವರು ಕಾರ್ಯಕ್ರಮವನ್ನೂ ಕೊಡುತ್ತಾರೆ, ನಿಮಗೂ ಗೊತ್ತಲ್ಲ. ಅವರಿಗೆ ಒಂದು ಹೊತ್ತಿನ ಊಟ ಬಿಟ್ಟುಕೊಟ್ಟೆ. ಅದಕ್ಕೇ ಖುಷಿಯಾದರು.

ರೂಮು ಸಿಗುವುದಿಲ್ಲ ಅನ್ನುವುದು ಎಲ್ಲರ ದೂರು. ಜಾತ್ರೆ, ನವರಾತ್ರಿ, ಮಳೆಗಾಲದ ಜಾಯಾಂಚಿ ಪೂಜೆ (ಜಾಜಿ ಹೂವಿನ ಪೂಜೆ), ಮೇ ರಜೆ ಇವಿಷ್ಟು ಬಿಡಿ. ಫೋನ್ ಮಾಡಿದರೆ ಸಾಲದು, ಕುಟುಂಬದ ಹಿರಿಯರ ಸಹಿ ಇರುವ ಕಾಗದ ಕಳಿಸಿ. ನಾವು ಹೋದ ತಿಂಗಳು ಯಾವುದು ಅಂತ ಮಾತ್ರ ಕೇಳಬೇಡಿ.

ಮಾರ್ದೋಳದ ಗಂಟೆಯ ಕತೆ ಗೊತ್ತಿರಬೇಕು. ನಾಲಗೆ ಇಲ್ಲದ ಗಂಟೆ. ಸಾಕ್ಷಿ ಹೇಳುವಾಗ ಮಾತ್ರ ನಾಲಗೆ ಕಟ್ಟುತ್ತಿದ್ದರಂತೆ, ಅದನ್ನು ಬಾರಿಸಿ ಸುಳ್ಳು ಹೇಳಿದವನು ಉಳಿಯುವುದಿಲ್ಲ ಅನ್ನುವ ನಂಬಿಕೆ. ನಮ್ಮಲ್ಲಿ ಒಂದು ತೋಟದ ಪಾಲಿನ ವ್ಯಾಜ್ಯ ಬಹಳ ಕಾಲದಿಂದ ಇದೆ. ಚಿಕ್ಕಪ್ಪನ ಮಗ ಗಂಟೆ ಕೆಳಗೆ ನಿಂತು, "ದೊಡ್ಡಪ್ಪಾ, ಇಲ್ಲೇ ಮುಗಿಸಿಬಿಡೋಣ್ವಾ?" ಅಂದ. ಎಲ್ಲರಿಗೂ ಉಸಿರು ನಿಂತಂತಾಯಿತು. ದೊಡ್ಡಪ್ಪ ಮೇಲೆ ನೋಡಿ, "ನಾಲಗೆ ಇಲ್ವಲ್ಲೋ, ಬದುಕಿದೆ" ಅಂದರು. ವ್ಯಾಜ್ಯ ಹಾಗೇ ಇದೆ, ಆದರೆ ಈಗ ಇಬ್ಬರೂ ಮಾತಾಡುತ್ತಾರೆ.

ಜೊತೆಗೆ ಒಂದೆರಡು ಪ್ರಯೋಗ ಮಾಡಿದೆ. ವಂಶಾವಳಿಯನ್ನು ಹಿಂದೊಮ್ಮೆ ಫ್ಲೆಕ್ಸ್ ಮಾಡಿಸಿದ್ದೆ, ಎಲ್ಲರೂ ಫೋಟೋ ತೆಗೆದು ಸುಮ್ಮನಾದರು. ಈ ಸಲ ಒಂದು ಬಿಳಿ ಪಂಚೆ ಒಯ್ದು, ಮುತ್ತಜ್ಜನ ಹೆಸರು ಮಾತ್ರ ಬರೆದು, ರಾತ್ರಿ ಊಟವಾದ ಮೇಲೆ ಅಗ್ರಶಾಲೆಯ ಜಗಲಿಯಲ್ಲಿ ಹಾಸಿದೆ. ಒಂದಿಷ್ಟು ಮಾರ್ಕರ್ ಪೆನ್ನು ಪಕ್ಕಕ್ಕಿಟ್ಟು ಎದ್ದು ಹೋದೆ. ಹನ್ನೊಂದು ಗಂಟೆಗೆ ಬಂದು ನೋಡಿದರೆ ಪಂಚೆಯ ಮೇಲೆ ಹೆಂಗಸರೆಲ್ಲ ಮಂಡಿಯೂರಿ ಕೂತಿದ್ದಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರುಗಳು, ಪುರೋಹಿತರ ಪಟ್ಟಿಯಲ್ಲಿ ಇಲ್ಲದವು, ಸಾಲು ಸಾಲಾಗಿ ಬಂದವು. ಸಿದ್ದಾಪುರ ಕಡೆಯ ಒಂದು ಕವಲು ಅಲ್ಲೇ ಸಿಕ್ಕಿತು. ಪಂಚೆಗೆ ಬಾಲ್ ಪೆನ್ನು ನಡೆಯುವುದಿಲ್ಲ, ದಪ್ಪ ಮಾರ್ಕರೇ ಬೇಕು. ಕೆಳಗೆ ಪೇಪರ್ ಹಾಕಿ, ಇಲ್ಲದಿದ್ದರೆ ಜಗಲಿಗೆ ಮಸಿ ಹತ್ತುತ್ತದೆ.

ಪಣಜಿಯ ಪತ್ರಾಗಾರಕ್ಕೂ ಹೋಗಿ ನೋಡಿದ್ದೇನೆ, ಬೇರೆ ಸಲ, ಒಬ್ಬನೇ. 1595ರಲ್ಲಿ ಶುರುವಾದದ್ದು. ಆದರೆ ಹಳೆಯ ಕಾಗದ ಹೆಚ್ಚಿನದೂ ಪೋರ್ಚುಗೀಸಿನಲ್ಲಿ. ನಮ್ಮ ಈಗಿನ ಅಡ್ಡಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ, ಊರಿನ ಹೆಸರು ಹಿಡಿದು ಹೋಗಬೇಕು. ಓದಬಲ್ಲವರು ಜೊತೆಗಿಲ್ಲದಿದ್ದರೆ ಆ ದುಡ್ಡಿಗೆ ಫೋಂಡಾ ಪೇಟೆಯಲ್ಲಿ ತೆಪ್ಪಳ (ಅಡುಗೆಗೆ ಹಾಕುವ ಘಾಟಿನ ಕಾಯಿ) ಕೊಳ್ಳಿ. ಅಮ್ಮ ಅದನ್ನೇ ಮಾಡಿದಳು. ಅಲ್ಲಿನ ಖತ್‌ಖತೆ ಅನ್ನುವ ಹಲವು ತರಕಾರಿಯ ಪದಾರ್ಥ ತಿಂದು, ನಮ್ಮ ಮನೆಯದಕ್ಕಿಂತ ತೆಪ್ಪಳದ ಘಾಟು ಜಾಸ್ತಿ, ಬೆಲ್ಲ ಕಡಿಮೆ ಆದ್ರೆ ಚೆನ್ನಾಗಿತ್ತು ಅಂತ ತೀರ್ಪು ಕೊಟ್ಟಳು. ಊರಿಗೆ ಬಂದು ಅದೇ ತೆಪ್ಪಳ ಹಾಕಿ ಮಾಡಿದಳು. ಹೆಚ್ಚೂಕಮ್ಮಿ ಅದೇ ರುಚಿ ಬಂತು, ಬೆಲ್ಲ ಮಾತ್ರ ಕೈತಪ್ಪಿಯೂ ಬಿಡಲಿಲ್ಲ.

ಶಿರಸಿಯವರಿಗೆ ಒಂದು ಮಾತು. ರಾಮನಾಥಿ, ನಾಗೇಶಿ ಇರುವ ಬಾಂದಿವಡೆಗೆ ಹೋದರೆ ಎದೆಯುಬ್ಬಿಸಿಕೊಂಡು ನಡೆಯಿರಿ. 1763ರ ತನಕ ಆ ಸೀಮೆ ನಿಮ್ಮ ಸೋಂದೆ ಅರಸರದ್ದು. ಹೈದರಾಲಿಯ ದಂಡು ಬಂದಾಗ ಅರಸು ಓಡಿಬಂದದ್ದೂ ಗೋವಾಕ್ಕೇ. ನಮ್ಮ ಶಿರಸಿ ಭಾವ ಇದು ಗೊತ್ತಾದಾಗಿನಿಂದ ಫೋಂಡಾದಲ್ಲಿ ಚಹಾಕ್ಕೆ ದುಡ್ಡು ಯಾಕೆ ಕೊಡಬೇಕು ಅಂತ ಕೇಳುತ್ತಿದ್ದಾರೆ.

ವಾಪಸ್ಸಿಗೆ ಮಡಗಾಂವಿನಿಂದ ಮಧ್ಯಾಹ್ನದ ಲೋಕಲ್. ಸಮಯ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಒಂದು ಗಂಟೆ ಮೊದಲೇ ಸ್ಟೇಷನ್ನಿನಲ್ಲಿರಿ, ಊಟ ಕಟ್ಟಿಸಿಕೊಂಡೇ ಹತ್ತಿ. ಭಾನುವಾರ ಮಾತ್ರ ಬೇಡ. ಕಾರವಾರದ ತನಕ ಕಾಲಿಡಲು ಜಾಗ ಇರುವುದಿಲ್ಲ, ದೊಡ್ಡತ್ತೆಯಂಥವರಿಗೆ ಕಷ್ಟ.