ಅಪ್‌ಡೇಟ್ ಆಯ್ತು, ಈಗ ರೀಬೂಟ್ ಮಾಡಬೇಕಾ?

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿರುವುದೆಲ್ಲ ಉಬುಂಟು, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಬಗೆ. ಮೂಲೆಯಲ್ಲೊಂದು ಸರ್ವರ್ ಇದೆ. ಹುಡುಗರ ಪ್ರಾಜೆಕ್ಟು, ಇಂಟರ್ನಲ್ಸ್ ಅಂಕ ಎಲ್ಲ ಅದರಲ್ಲೇ. ಅಪ್‌ಡೇಟ್ ಮುಗಿದ ಕೂಡಲೇ ನಮ್ಮ ಅಟೆಂಡರ್ "ಮೇಡಂ, ರೀಸ್ಟಾರ್ಟ್ ಮಾಡ್ಲಾ?" ಅಂತ ಕೇಳುತ್ತಾನೆ. ಡೆಸ್ಕ್‌ಟಾಪ್ ಆದರೆ ಮಾಡು ಮಾರಾಯ, ಸಂಜೆ ಹೇಗೂ ಆಫ್ ಮಾಡುತ್ತೇವೆ. ಯೋಚನೆ ಬೇಕಾಗುವುದು ಸರ್ವರ್‌ಗೆ.

ಅಪ್‌ಡೇಟ್ ಬದಲಾಯಿಸುವುದು ಡಿಸ್ಕ್‌ನಲ್ಲಿರುವ ಫೈಲನ್ನು ಮಾತ್ರ. ಓಡುತ್ತಿರುವ ಪ್ರೋಗ್ರಾಂ ಹಳೇ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ತೂತು ಬಂದಾಗ, ಅದಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಹೊಸದು ಹಾಕಿದರಷ್ಟೇ ಸಾಲುತ್ತಿರಲಿಲ್ಲ. ವೆಬ್ ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ತನಕ ತೂತು ಹಾಗೇ ಇರುತ್ತಿತ್ತು. ಹಾಗಾಗಿ ನಾನು ನೋಡುವುದು ಒಂದನ್ನೇ: ಹಳೆಯದನ್ನು ಇನ್ನೂ ಬಿಡದೆ ಕೂತವರು ಯಾರು?

ಅಪ್‌ಡೇಟ್ ಆದದ್ದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆಗಿದ್ದರೆ ರೀಬೂಟ್ ಮಾಡಲೇಬೇಕು. 'ಯುನೇಮ್ -ಆರ್' ಕೊಟ್ಟರೆ ಈಗ ಓಡುತ್ತಿರುವ ಕರ್ನಲ್ ಯಾವುದೆಂದು ತಿಳಿಯುತ್ತದೆ. ಬೂಟ್ ಫೋಲ್ಡರಿನಲ್ಲಿರುವ ಎಲ್ಲಕ್ಕಿಂತ ಹೊಸದರ ಜೊತೆ ಹೋಲಿಸಿ. ಓಡುತ್ತಿರುವ ಕರ್ನಲನ್ನೇ ತಿದ್ದುವ ಲೈವ್‌ಪ್ಯಾಚ್ ಇದ್ದರೆ ದೊಡ್ಡ ತೂತುಗಳಿಗೆ ತೇಪೆ ಬೀಳುತ್ತದೆ, ಸ್ವಲ್ಪ ದಿನ ತಳ್ಳಬಹುದು, ಅಷ್ಟೇ.

ಉಬುಂಟು ತಾನೇ ಒಂದು ಗುರುತು ಬಿಡುತ್ತದೆ. 'ವಾರ್' ಫೋಲ್ಡರಿನೊಳಗಿನ 'ರನ್' ಫೋಲ್ಡರಿನಲ್ಲಿ 'ರೀಬೂಟ್-ರಿಕ್ವೈರ್ಡ್' ಎಂಬ ಫೈಲ್. ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ 'ಪಿಕೆಜಿಎಸ್' ಸೇರಿದ ಇನ್ನೊಂದು ಫೈಲ್ ಇರುತ್ತದೆ. ಅದನ್ನು ಓದದೆ ರೀಬೂಟ್ ಮಾಡುವವರೇ ಜಾಸ್ತಿ. ಯಾವ ಪ್ಯಾಕೇಜ್ ರೀಬೂಟ್ ಕೇಳಿತು ಎಂಬ ಪಟ್ಟಿ ಅದರಲ್ಲಿದೆ. ಅವಸರ ಎಷ್ಟು ಅಂತ ತೀರ್ಮಾನವಾಗುವುದು ಆ ಪಟ್ಟಿಯಿಂದ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರು 'ಡಿಎನ್‌ಎಫ್ ನೀಡ್ಸ್-ರೀಸ್ಟಾರ್ಟಿಂಗ್ -ಆರ್' ಕೊಟ್ಟು ನೋಡಿ.

ಉಬುಂಟುವಿನಲ್ಲಿ ಆ 'ರೀಬೂಟ್-ರಿಕ್ವೈರ್ಡ್' ಫೈಲ್ ಇಲ್ಲ ಎಂದ ಮಾತ್ರಕ್ಕೆ ಎಲ್ಲ ಹೊಸದಾಯಿತು ಎಂದಲ್ಲ. 'ನೀಡ್‌ರೀಸ್ಟಾರ್ಟ್' ಓಡಿಸಿ. ಹಳೇ ಲೈಬ್ರರಿ ಹಿಡಿದುಕೊಂಡ ಸರ್ವಿಸ್‌ಗಳನ್ನು ಹೆಸರು ಹಿಡಿದು ಹೇಳುತ್ತದೆ. ಅಪಾಚೆ (ವೆಬ್ ಸರ್ವರ್), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಇಂಥ ಒಂದೆರಡೇ ಬಂದರೆ ಅವನ್ನಷ್ಟೇ ರೀಸ್ಟಾರ್ಟ್ ಮಾಡಿ. ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ ಬದಲಾಗಿದ್ದರೆ ಮಾತ್ರ ಒಂದೊಂದನ್ನೇ ಎಬ್ಬಿಸುವ ತಾಪತ್ರಯ ಬೇಡ, ಹೆಚ್ಚುಕಮ್ಮಿ ಎಲ್ಲವೂ ಅದನ್ನೇ ನೆಚ್ಚಿಕೊಂಡಿರುತ್ತವೆ; ರೀಬೂಟೇ ಸಲೀಸು. ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಬಂದರೂ ಹಾಗೇ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗೆಲ್ಲ ಮುಚ್ಚಿ ತೆರೆದರೆ ಸಾಕು.

ಇವತ್ತೇ ಮಾಡಬೇಕಾ? "ಈ ತೂತು ಲೋಕಲ್ ಮಾತ್ರ, ನೆಟ್‌ವರ್ಕಿಂದ ಯಾರೂ ಬರಲಾರರು" ಅಂತ ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಒಬ್ಬರೇ ಬಳಸುವ ಯಂತ್ರಕ್ಕೆ ಆ ಮಾತು ಸರಿ. ನಮ್ಮ ಸರ್ವರಿನಲ್ಲಿ ಇಡೀ ಬಿಸಿಎ ತರಗತಿಗೆ ಲಾಗಿನ್ ಇದೆ! 2022ರ ಡರ್ಟಿ ಪೈಪ್ ಎಂಬ ಕರ್ನಲ್ ತೂತು ಅಂಥದ್ದೇ: ಸಾಮಾನ್ಯ ಬಳಕೆದಾರ ತಾನು ಓದಬಹುದಷ್ಟೇ ಎಂದಿದ್ದ ಫೈಲಿನ ಮೇಲೆ ಬರೆದು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಬಹುದಿತ್ತು. ಅಂಕಪಟ್ಟಿ ಇರುವ ಯಂತ್ರದಲ್ಲಿ ಅದನ್ನು ಸೋಮವಾರಕ್ಕೆ ಬಿಡುವುದುಂಟೇ?

ಅಂಥ ಅವಸರ ಇಲ್ಲದಿದ್ದರೆ ಬೆಳಿಗ್ಗೆ, ಮೊದಲ ಪ್ರಾಕ್ಟಿಕಲ್‌ಗೆ ಮುಂಚೆ ಮಾಡುತ್ತೇನೆ. ಶನಿವಾರ ಸಂಜೆ ಮಾಡಿ ಮನೆಗೆ ಹೋದರೆ, ಅದು ಏಳದಿದ್ದಾಗ ನೋಡುವವರು ಯಾರು? ಮಾಡುವ ಮುಂಚೆ 'ಹೂ' (who) ಕಮಾಂಡ್ ಕೊಟ್ಟು ಯಾರಾದರೂ ಒಳಗಿದ್ದಾರಾ ನೋಡಿ. ವರ್ಷಗಟ್ಟಲೆ ಆಫ್ ಆಗದ ಸರ್ವರ್ ಅಂತ ಜಂಬ ಕೊಚ್ಚುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಎಂದೋ ತಿದ್ದಿದ 'ಎಫ್‌ಎಸ್‌ಟ್ಯಾಬ್' (ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಸಾಲು ಕೊನೆಗೂ ರೀಬೂಟ್ ಮಾಡಿದ ದಿನ ಕೈಕೊಟ್ಟರೆ, ತಪ್ಪು ಅಪ್‌ಡೇಟಿನದೋ ಆ ಸಾಲಿನದೋ ಗೊತ್ತಾಗುವುದಿಲ್ಲ.

ಆಫೀಸಿನ ವಿಂಡೋಸ್ ಯಂತ್ರಗಳದ್ದು ಬೇರೆ ಕಥೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ 'ಶಟ್ ಡೌನ್' ಒತ್ತಿದರೂ ಕರ್ನಲ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ಅಲ್ಲಿ 'ರೀಸ್ಟಾರ್ಟ್' ಅನ್ನೇ ಒತ್ತಬೇಕು.

ಸರ್ವರ್ ಎದ್ದ ಮೇಲೆ 'ಯುನೇಮ್ -ಆರ್' ಇನ್ನೊಮ್ಮೆ ಕೊಡಿ. ಹಳೇ ಕರ್ನಲನ್ನು ಆಗಲೇ ಅಳಿಸಬೇಡಿ. ಹೊಸದು ತಕರಾರು ತೆಗೆದರೆ ಬೂಟ್ ಆಗುವಾಗ ಸಿಗುವ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಅದನ್ನು ಆರಿಸಿ ಕೆಲಸ ಸಾಗಿಸಬಹುದು.