ಉಪ್ಪು ಗಾಳಿ, ಘಟ್ಟದ ದಾರಿ: ಕಾರು ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಮನೆ ಕಾರವಾರದಲ್ಲಿ, ಸಮುದ್ರದಿಂದ ಕೂಗಳತೆ ದೂರ. ಭಾವನ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲಿನ ದಿಬ್ಬದ ಮೇಲೆ. ಇಬ್ಬರೂ ಒಂದೇ ವರ್ಷ, ಒಂದೇ ಕಂಪನಿಯ, ಒಂದೇ ಮಾಡೆಲ್ ಕಾರು ತೆಗೆದುಕೊಂಡೆವು. ಬಣ್ಣ ಮಾತ್ರ ಬೇರೆ.

ಈಗ ಒಂಬತ್ತು ವರ್ಷ ಆಯಿತು. ನನ್ನ ಕಾರಿನ ಎಂಜಿನ್ ಗಟ್ಟಿಯಾಗಿದೆ. ಆದರೆ ಎಡಗಡೆ ಬಾಗಿಲಿನ ತಳ ತುಕ್ಕು ಹಿಡಿದು ತೂತು ಬಿತ್ತು, ಸೈಲೆನ್ಸರ್ ಎರಡು ಸಲ ಹೋಯಿತು. ಭಾವನ ಕಾರಿನ ಬಾಡಿ ಇನ್ನೂ ಹೊಸದರಂತಿದೆ. ಆದರೆ ಅವರು ಎರಡು ಸಲ ಕ್ಲಚ್ ಪ್ಲೇಟ್ ಹಾಕಿಸಿದ್ದಾರೆ, ಒಮ್ಮೆ ಇಲಿ ಕಡಿದ ವೈರಿಂಗ್ ಸರಿ ಮಾಡಿಸಿದ್ದಾರೆ. "ಯಾವ ಕಂಪನಿ ಕಾರು ಒಳ್ಳೇದು?" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಎರಡು ಕಾರು. ಕಂಪನಿ ಒಂದೇ. ಓಡಿದ ಊರು, ಓಡಿಸಿದ ಕೈ, ನೋಡಿಕೊಂಡ ರೀತಿ ಬೇರೆ.

ಹಂತ 1: ಲಾಂಛನ ಬಿಡಿ, ಒಳಗೆ ಏನಿದೆ ಕೇಳಿ

ಕಂಪನಿ ಹೆಸರಿಗೆ ಬೆಲೆಯೇ ಇಲ್ಲ ಎಂದಲ್ಲ. ನಮ್ಮ ಬಿಡದಿಯಲ್ಲೇ ತಯಾರಾಗಿ 2005ರಲ್ಲಿ ರಸ್ತೆಗಿಳಿದ ಟೊಯೊಟಾ ಇನ್ನೋವಾವನ್ನು ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದಾರೆ. ಆ ಹೆಸರು ಸುಮ್ನೆ ಬಂದದ್ದಲ್ಲ. 1983ರಿಂದ ಇರುವ ಮಾರುತಿಯ ಬಿಡಿಭಾಗ ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಅದೂ ದೊಡ್ಡ ಅನುಕೂಲವೇ.

ಆದರೆ ಬಾನೆಟ್ ಮೇಲಿನ ಹೆಸರು ಪೂರ್ತಿ ಕಥೆ ಹೇಳುವುದಿಲ್ಲ. 2019ರಲ್ಲಿ ಬಂದ ಟೊಯೊಟಾ ಗ್ಲಾಂಜಾ ಮೂಲದಲ್ಲಿ ಮಾರುತಿ ಬಲೆನೊ ಕಾರೇ. ಅದಕ್ಕೂ ಮುಂಚೆ ಫಿಯಟ್‌ನವರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಫಿಯಟ್ ಪುಂಟೊದಲ್ಲೂ ಇತ್ತು, ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಇತ್ತು. ಹಾಗಾಗಿ ಕೇಳಬೇಕಾದ್ದು ಇದು: ಎಂಜಿನ್ ಯಾವುದು? ಗೇರ್‌ಬಾಕ್ಸ್ ಯಾವ ಬಗೆಯದು? ಇವು ರಸ್ತೆಗೆ ಬಂದು ಎಷ್ಟು ವರ್ಷ ಆಯಿತು? ಹೊಸ ಮಾಡೆಲ್ ಆದರೆ ಒಂದು ವರ್ಷ ಕಾಯುವುದು ಒಳ್ಳೆಯದು. ಮೊದಲ ಬ್ಯಾಚಿನ ಸಣ್ಣಪುಟ್ಟ ತೊಂದರೆಗಳು ಅಷ್ಟರಲ್ಲಿ ಹೊರಗೆ ಬರುತ್ತವೆ.

ನಮ್ಮ ಜಿಲ್ಲೆಯವರು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಸರ್ವಿಸ್ ಸೆಂಟರ್ ಎಲ್ಲಿದೆ? ಒಂದು ಸೆನ್ಸರ್ ಹಾಕಿಸಲು ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ ಹೋಗಬೇಕೆಂದರೆ ಒಂದು ದಿನ ಪೂರ್ತಿ ಹೋಯಿತು. ದೂರವಾದಷ್ಟೂ ಸರ್ವಿಸ್ ಮುಂದೆ ಹೋಗುತ್ತದೆ. ಮುಂದೆ ಹೋದಷ್ಟೂ ಕಾರು ಹಾಳು. ಷೋರೂಮಿಗೆ ಹೋಗುವ ಮೊದಲು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಮಾತಾಡಿ. ಅಲ್ಲಿ ಸಿಗುವ ಮಾತಿನಲ್ಲಿ ಸುಳ್ಳು ಕಡಿಮೆ.

ಹಂತ 2: ಉಪ್ಪನ್ನು ತೊಳೆಯಿರಿ, ನೀರನ್ನು ಹೊರಗೆ ಬಿಡಿ

ಕರಾವಳಿಯಲ್ಲಿ ಕಾರಿನ ದೊಡ್ಡ ಶತ್ರು ತುಕ್ಕು. ಗಾಳಿಯಲ್ಲಿ ಬರುವ ಉಪ್ಪಿನ ಕಣ ಕಬ್ಬಿಣದ ಮೇಲೆ ಕೂತು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬರೀ ನೀರಿಗಿಂತ ಉಪ್ಪು ನೀರಿನಲ್ಲಿ ತುಕ್ಕು ಎಷ್ಟೋ ಬೇಗ ಹಬ್ಬುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗೆ ಕೆಲಸ ಶುರುವಾಗಿರುತ್ತದೆ.

ನನ್ನ ತಪ್ಪು ಏನೆಂದರೆ, ಪ್ರತಿ ಭಾನುವಾರ ಕಾರು ತೊಳೆದೆ, ಆದರೆ ಕಣ್ಣಿಗೆ ಕಾಣುವಷ್ಟನ್ನೇ ತೊಳೆದೆ. ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಒಳಗೆ ಇಳಿದ ಮಳೆ ನೀರು ಅದರಿಂದ ಹೊರಗೆ ಹೋಗಬೇಕು. ಬಾಗಿಲು ಬೆಸುಗೆ ಹಾಕಿದವರು ಆ ತೂತನ್ನು ತೋರಿಸಿದ ಮೇಲೆ, ಬಲಗಡೆ ಬಾಗಿಲಿಗೆ ಒಂದು ಹಿಡಿಕಡ್ಡಿ ತೂರಿಸಿ ನೋಡಿದೆ. ಮೊದಲು ಕೆಂಪು ರಾಡಿ ಬಂತು. ಆಮೇಲೆ ಅರ್ಧ ಲೋಟದಷ್ಟು ಕಪ್ಪು ನೀರು ಸುರಿಯಿತು. ಎಷ್ಟು ತಿಂಗಳಿಂದ ಅಲ್ಲಿ ನಿಂತಿತ್ತೋ. ಈಗ ಮೇ ಕೊನೆಯಲ್ಲಿ ಒಮ್ಮೆ, ಮಳೆಗಾಲದ ನಡುವೆ ಎರಡು ಸಲ ನಾಲ್ಕೂ ಬಾಗಿಲಿಗೆ ಕಡ್ಡಿ ಹಾಕುತ್ತೇನೆ. ಖರ್ಚಿಲ್ಲ, ಐದು ನಿಮಿಷದ ಕೆಲಸ. ವೈಪರ್ ಕೆಳಗಿನ ಜಾಲರಿಯಲ್ಲಿ ಸೇರುವ ದರಕನ್ನೂ (ಒಣಗಿದ ಎಲೆ) ಆಗಲೇ ತೆಗೆಯಿರಿ. ಅಲ್ಲಿ ನೀರು ಕಟ್ಟಿದರೆ ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ.

ವಾರಕ್ಕೊಮ್ಮೆ ಚಕ್ರದ ಗೂಡು, ಕಾರಿನ ಅಡಿಭಾಗಕ್ಕೆ ಸಿಹಿ ನೀರು ಹೊಡೆಯಿರಿ. ಸಿಹಿ ನೀರೇ ಆಗಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ, ಅದರಿಂದ ತೊಳೆದರೆ ಉಪ್ಪು ಬಳಿದಂತೆಯೇ. ಕಾರನ್ನು ಬೀಚಿನ ಮರಳಿಗೆ ಇಳಿಸಿದ್ದರೆ ಅದೇ ದಿನ ತೊಳೆಯಿರಿ. ಒದ್ದೆ ಕಾರಿಗೆ ಕವರ್ ಹಾಕಬೇಡಿ. ಅಡಿಭಾಗಕ್ಕೆ ಕೋಟಿಂಗ್ ಮಾಡಿಸುವುದಾದರೆ ಹಳೇ ತುಕ್ಕು ಉಜ್ಜಿ ತೆಗೆದ ಮೇಲೆಯೇ ಮಾಡಿಸಿ. ತುಕ್ಕಿನ ಮೇಲೆ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಂಡರೆ, ಮೊದಲು ಮೈನಸ್ ವೈರ್ ಬಿಚ್ಚಿ, ಬಿಸಿ ನೀರಲ್ಲಿ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚಿ.

ಹಂತ 3: ಘಟ್ಟವನ್ನು ಗೇರಿನಲ್ಲಿ ಇಳಿಯಿರಿ

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ದೇವಿಮನೆ ಇರಲಿ, ಅರಬೈಲ್ ಇರಲಿ, ಅಣಶಿ ಇರಲಿ, ನಮ್ಮ ಜಿಲ್ಲೆಯಲ್ಲಿ ಮೇಲಿನ ನೆಂಟರ ಮನೆಗೆ ಹೋಗಬೇಕೆಂದರೆ ಘಟ್ಟ ತಪ್ಪುವುದಿಲ್ಲ. ನನ್ನ ಪ್ರಕಾರ ಓಡಿಸುವವರ ಕೈ ಕಾರಿನ ಆಯಸ್ಸನ್ನು ಹೆಚ್ಚಿಸುವುದೂ ಕಡಿಮೆ ಮಾಡುವುದೂ ಇಲ್ಲೇ.

ಒಮ್ಮೆ ದೇವಿಮನೆ ಘಟ್ಟ ಇಳಿದು ಬಂದಾಗ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಹೆದರಿ ಕುಮಟಾದ ಒಂದು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಚಕ್ರದ ಹತ್ತಿರ ಕೈ ಹಿಡಿದು, "ಹತ್ತುವಾಗ ಯಾವ ಗೇರಲ್ಲಿ ಹತ್ತಿದ್ರಿ? ಅದೇ ಗೇರಲ್ಲಿ ಇಳೀಬೇಕು ಸರ್. ಬ್ರೇಕಿಗೂ ಉಸಿರು ಬೇಕಲ್ವಾ?" ಎಂದರು.

ಅವರ ಮಾತಿಗೆ ಕಾರಣವಿದೆ. ಬ್ರೇಕ್ ಒತ್ತಿದಾಗ ಕಾರಿನ ವೇಗವೆಲ್ಲ ಶಾಖವಾಗುತ್ತದೆ. ಒತ್ತಿ ಹಿಡಿದೇ ಇಳಿದರೆ ಡಿಸ್ಕ್ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಆ ಶಾಖ ಬ್ರೇಕ್ ಆಯಿಲಿಗೂ ತಾಗುತ್ತದೆ. ಡಾಟ್ 4 ಬಗೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ ಬರೀ 155 ಡಿಗ್ರಿ. ಗಾಳಿಯಲ್ಲಿನ ತೇವ ಹೀರುವುದು ಈ ಆಯಿಲಿನ ಗುಣ, ನಮ್ಮ ಗಾಳಿಯಲ್ಲಿ ತೇವಕ್ಕೇನು ಬರವೇ? ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕಿಲೋಮೀಟರ್ ಎಷ್ಟೇ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ನನ್ನ ಕಾರಿನಲ್ಲಿ ಆಗ ನಾಲ್ಕು ವರ್ಷದ ಹಳೇ ಆಯಿಲ್ ಇತ್ತು.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ. ಬ್ರೇಕನ್ನು ತಿರುವಿಗೆ ಮೊದಲು ಒತ್ತಿ, ಬಿಡಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಬೇಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಜಾಸ್ತಿ ಉರಿಯುವುದು. ಆಟೋಮ್ಯಾಟಿಕ್ ಕಾರಿನವರು ಮ್ಯಾನುಯಲ್ ಮೋಡ್ ಅಥವಾ ಎಲ್ (ಲೋ ಗೇರ್) ಬಳಸಬೇಕು.

ಹತ್ತುವಾಗ ಲಾರಿಯ ಬಾಲಕ್ಕೆ ಅಂಟಬೇಡಿ. ಅಂತರ ಬಿಟ್ಟರೆ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಒತ್ತಿಕೊಂಡೇ, ತೆವಳುವುದು ತಪ್ಪುತ್ತದೆ. ಭಾವನ ಎರಡು ಕ್ಲಚ್ ಪ್ಲೇಟ್ ಹೋದದ್ದು ಹೀಗೆಯೇ, ಜೊತೆಗೆ ತೋಟದಿಂದ ಮನೆಗೆ ಬರುವ ಏರಿನಲ್ಲಿ ಕ್ಲಚ್ ಮೇಲೆಯೇ ಕಾರು ನಿಲ್ಲಿಸುವ ಅಭ್ಯಾಸ. ಈಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುತ್ತಾರೆ. ಟರ್ಬೊ ಎಂಜಿನ್ ಆದರೆ ಘಟ್ಟ ಹತ್ತಿದ ಕೂಡಲೇ ಚಹಾಕ್ಕೆಂದು ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್ ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿಯುತ್ತಿರಬೇಕು.

ಹಂತ 4: ಕಡಿಮೆ ಓಡಿದ ಕಾರಿಗೂ ಆಯಿಲ್ ಬೇಕು

"ನಮ್ಮ ಕಾರು ಓಡಿದ್ದೇ ನಾಲ್ಕು ಸಾವಿರ, ಈ ವರ್ಷ ಸರ್ವಿಸ್ ಬೇಡ" ಎನ್ನುವವರು ಬಹಳ. ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಮನೆಯಿಂದ ಮೀನು ಮಾರ್ಕೆಟ್ಟಿಗೆ ಎರಡು ಕಿ.ಮೀ. ಹೋಗಿ ಬಂದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ತೇವ ಆವಿಯಾಗದೆ ಆಯಿಲಿನಲ್ಲಿ ಉಳಿದು ಅದನ್ನು ಕೆಡಿಸುತ್ತದೆ. ಇಂಥ ಬಳಕೆಗೆ ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಏಪ್ರಿಲ್ 2020ರ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರಿನವರಿಗೆ ಎಂಜಿನ್ ಚೆನ್ನಾಗಿ ಬಿಸಿಯಾಗುವುದು ಇನ್ನೂ ಮುಖ್ಯ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಅದರಲ್ಲಿದೆ. ಆ ಮಸಿ ಸುಟ್ಟುಹೋಗಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಪೇಟೆಯೊಳಗೇ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಕಾರವಾರದಿಂದ ಅಂಕೋಲೆಗೆ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗಿ ಬನ್ನಿ. ವರ್ಷಕ್ಕೆ ಎರಡು-ಮೂರು ಸಾವಿರ ಕಿ.ಮೀ. ಪೇಟೆಯಲ್ಲೇ ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ.

ಹಂತ 5: ಮಳೆ ಶುರುವಾಗುವ ಮೊದಲು

ಟೈರಿನ ಗೆರೆಯ ಆಳ 1.6 ಮಿ.ಮೀ. ತನಕ ಕಾನೂನು ಒಪ್ಪುತ್ತದೆ, ಆದರೆ ನಮ್ಮ ಮಳೆಗೆ ಅದು ಸಾಲದು. ಮೂರು ಮಿ.ಮೀ.ಗೆ ಬಂದಾಗಲೇ ಬದಲಿಸಿ. ಸ್ಟೆಪ್ನಿಗೂ ಗಾಳಿ ನೋಡಿ.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಹಿಂದಿನ ಚಕ್ರದ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಬಿಡುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಎರಡು ದಿನಕ್ಕೊಮ್ಮೆ ಬಾನೆಟ್ ತೆರೆದು ನೋಡಿ. ಇಲಿಗೆ ಬೆಚ್ಚಗಿನ ಕತ್ತಲೆ ಸಾಕು.

ರಸ್ತೆಯ ಮೇಲೆ ಹರಿಯುವ ನೀರು ಅರ್ಧ ಚಕ್ರ ಮುಳುಗುವಷ್ಟಿದ್ದರೆ ಹಿಂದಕ್ಕೆ ತಿರುಗಿ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಸಿ, ಟೋ ಮಾಡಿಸಿ.

ಹಂತ 6: ಒಂದು ನೋಟ್‌ಬುಕ್

ಇದನ್ನು ಭಾವನಿಂದ ಕಲಿತೆ. ಅವರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ದಿನಾಂಕ, ಮೀಟರ್ ಎಷ್ಟು, ಏನು ಹಾಕಿಸಿದ್ದು, ಎಷ್ಟಾಯಿತು. ಕೇಳಿಸಿದ ಹೊಸ ಸದ್ದನ್ನೂ ಬರೆಯುತ್ತಾರೆ: "ಎಡ ಮುಂದೆ, ಹಂಪಿನಲ್ಲಿ ಟಕ್." ಅಷ್ಟಿದ್ದರೆ ಗ್ಯಾರೇಜಿನವರಿಗೆ ಸವೆದ ಬುಶ್ (ಸಸ್ಪೆನ್ಷನ್‌ನ ರಬ್ಬರ್) ಹುಡುಕುವುದು ಸುಲಭ. ಕಳೆದ ಸಲ ನಾನು ಹೋದಾಗ ಅವರು ಆ ಪುಸ್ತಕದ ಕೊನೇ ಪುಟ ತೆರೆದರು. ಅಲ್ಲಿ ನನ್ನ ಕಾರಿನ ನಂಬರ್ ಬರೆದು ಒಂದು ದಿನಾಂಕ ಹಾಕಿದ್ದರು. "ಭಾವಾ, ನಿಮ್ಮ ಬ್ರೇಕ್ ಆಯಿಲಿಗೆ ಬರುವ ತಿಂಗಳು ಎರಡು ವರ್ಷ ಆಗ್ತದೆ" ಎಂದರು.