ಕಾರಿಲ್ಲದೆ ಕಾಶ್: ಡೊಲ್ಮುಷ್ ಹತ್ತಿ ಲಿಸಿಯಾ ಸುತ್ತಿದ ಲೆಕ್ಕ

ಟರ್ಕಿಯ ದಕ್ಷಿಣ ಕರಾವಳಿಯ ಕಾಶ್‌ನಲ್ಲಿ ಉಳಿದುಕೊಂಡು, ಲಿಸಿಯಾ ಅನ್ನೋ ಅಲ್ಲಿನ ಪ್ರಾಚೀನ ನಾಡನ್ನು ಕಾರಿಲ್ಲದೆ ಸುತ್ತುತ್ತೇನೆ ಅಂದಾಗ ಗೆಳೆಯರು ನಕ್ಕರು. "ಒಂದೊಂದು ಜಾಗ ಒಂದೊಂದು ದಿಕ್ಕಿಗಿದೆ, ಬಸ್ಸಿಗೆ ಕಾಯೋದ್ರಲ್ಲೇ ರಜೆ ಮುಗಿಯುತ್ತೆ" ಅಂದರು. ಆದರೆ ಅದಕ್ಕೂ ಮುಂಚೆ ಒಮ್ಮೆ ಕಾರು ತಗೊಂಡು ಹೋಗಿದ್ದು ನನಗೆ ಗೊತ್ತಲ್ಲ! ದಿನಕ್ಕೆ ಹತ್ತಿರ ಹತ್ತಿರ 4,000 ರೂಪಾಯಿ ಬಾಡಿಗೆ, ಪೆಟ್ರೋಲ್ ಬೇರೆ. ಡೆಪಾಸಿಟ್ ಅಂತ ಕಾರ್ಡಿನಲ್ಲಿ ಹಿಡಿದಿಟ್ಟ ದುಡ್ಡು ವಾಪಸ್ ಬರಲು ತಿಂಗಳ ಮೇಲಾಯಿತು. ಊರೊಳಗೆ ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಸಮುದ್ರದ ಅಂಚಿನ ಆ ತಿರುವುಗಳಲ್ಲಿ ಗಾಡಿ ಓಡಿಸುವವನಿಗೆ ಕಾಣೋದು ಬರೀ ಟಾರು.

ಈ ಸಲ ಡೊಲ್ಮುಷ್, ಅಲ್ಲಿನ ಮಿನಿಬಸ್. ಶುರುವಿನಲ್ಲಿ ಅದೂ ಕೈಕೊಟ್ಟಿತು. ಎಲ್ಲರ ಹಾಗೆ ಹತ್ತಿರದ್ದನ್ನು ಮೊದಲು ನೋಡಲು ಹೊರಟೆ. ಕಾಪುತಾಶ್ ಬೀಚಿಗೆ ಇಳಿದು, ಇನ್ನೂರಕ್ಕೆ ಸ್ವಲ್ಪ ಕಡಿಮೆ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಮುಂದಕ್ಕೆ ಹೋಗುವ ಬಸ್ಸುಗಳೆಲ್ಲ ಕಾಶ್‌ನಲ್ಲೇ ತುಂಬಿಕೊಂಡು ಬಂದಿವೆ, ನಿಲ್ಲಿಸೋದೇ ಇಲ್ಲ. ಬಿಸಿಲಲ್ಲಿ ಒಂದೂವರೆ ಗಂಟೆ ನಿಂತೆ. ಮುಂದಿದ್ದ ಪ್ರಾಚೀನ ನಗರ ಕ್ಸಾಂಥೋಸ್ ನೋಡದೆ ವಾಪಸ್.

ಆಮೇಲೆ ಉಲ್ಟಾ ಮಾಡಿದೆ. ಫೆಥಿಯೆ ಕಡೆಯ ರಸ್ತೆಯಲ್ಲಿ ಕಾಪುತಾಶ್, ಕಲ್ಕಾನ್, ಪಟಾರಾ ಕ್ರಾಸ್, ಕಿನಿಕ್ ಎಲ್ಲ ಒಂದೇ ದಾರಕ್ಕೆ ಪೋಣಿಸಿದ ಹಾಗಿವೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕಾಶ್ ನಿಲ್ದಾಣದಲ್ಲೇ ಸೀಟು ಹಿಡಿದು ದೂರದ ತುದಿಗೆ ಹೋಗಿಬಿಡೋದು. ಅಲ್ಲಿಂದ ಒಂದೊಂದೇ ಜಾಗ ನೋಡುತ್ತಾ ಹಿಂದಕ್ಕೆ ಬರೋದು. ಒಂದು ಬಸ್ ತಪ್ಪಿದರೂ ಮುಂದಿನದು ನಮ್ಮ ಊರಿಗೇ ಬರುತ್ತದೆ, ಎದೆಬಡಿತ ಇಲ್ಲ. ಇಳಿಯುವಾಗ ಜೋರಾಗಿ "ಇನೆಜೆಕ್ ವಾರ್" ಅಂದರೆ ಸಾಕು. ಇಡೀ ದಿನದ ಓಡಾಟ 700 ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು.

ಹೀಗೆ ಹೋದಾಗ ಹಳೆಯ ಗುಡಿಗಳ ಜಾಗ ಲೆಟೂನ್ ಬೆಳಿಗ್ಗೆಯೇ ಸಿಗುತ್ತದೆ, ಜನ ಇರೋದಿಲ್ಲ. ಹೆದ್ದಾರಿಯಿಂದ ಟೊಮೇಟೊ ಹಸಿರುಮನೆಗಳ ನಡುವೆ ಒಳಗೆ ಹೋಗಬೇಕು. ಗ್ರೀಕ್ ದೇವತೆ ಲೆಟೋ, ಅವಳ ಮಕ್ಕಳು ಆರ್ಟೆಮಿಸ್, ಅಪೊಲೊ ಮೂವರ ಗುಡಿಗಳ ಅಡಿಪಾಯ ಅಕ್ಕಪಕ್ಕದಲ್ಲೇ ಇದೆ, ಸುತ್ತ ನೀರು ನಿಂತಿರುತ್ತದೆ. ನೀರು ಕುಡಿಯಲು ಬಿಡದ ಹಳ್ಳಿಯವರನ್ನು ಲೆಟೋ ಕಪ್ಪೆ ಮಾಡಿದಳಂತೆ. ಆ ಕಪ್ಪೆಗಳ ವಂಶ ಇನ್ನೂ ಅಲ್ಲೇ ವಟಗುಟ್ಟುತ್ತಿದೆ! ಕ್ಸಾಂಥೋಸ್‌ಗೆ ಕಿನಿಕ್‌ನಿಂದ ನಡೆದೇ ಹತ್ತಬಹುದು. ಎರಡೂ 1988ರಲ್ಲಿ ಒಟ್ಟಿಗೆ ಯುನೆಸ್ಕೋ ಪಟ್ಟಿ ಸೇರಿದವು. ಆದರೆ ಕ್ಸಾಂಥೋಸ್‌ನ ಹಾರ್ಪಿ ಸಮಾಧಿಯ ಕೆತ್ತನೆ ಅಸಲಿಯಲ್ಲ, ಅಚ್ಚು ತೆಗೆದು ಕೂರಿಸಿದ್ದು. ಅಸಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನೋಡಿ ಹೊಟ್ಟೆ ಉರಿಯಿತು, ನಮ್ಮ ಅಮರಾವತಿಯ ಕಲ್ಲುಗಳೂ ಅದೇ ಕಟ್ಟಡದಲ್ಲಿವೆ ಅಲ್ವಾ.

ಪಟಾರಾವನ್ನು ಸಂಜೆಗೆ ಇಟ್ಟುಕೊಳ್ಳಿ. ಲಿಸಿಯಾದ ಊರುಗಳ ಒಕ್ಕೂಟ ಸಭೆ ಸೇರುತ್ತಿದ್ದ ಕಟ್ಟಡ ಅಲ್ಲಿದೆ. ದೊಡ್ಡ ಊರಿಗೆ 3 ಮತ, ನಡುವಿನದಕ್ಕೆ 2, ಚಿಕ್ಕದಕ್ಕೆ 1 ಅಂತ ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ. ಮೆಟ್ಟಿಲ ಮೇಲೆ ಕೂತು ನಮ್ಮ ಜಿಲ್ಲಾ ಪಂಚಾಯಿತಿಗೆ ಇದನ್ನು ಹೊಂದಿಸಿ ನೋಡಿದೆ. ಲೆಕ್ಕ ಕೂಡಲಿಲ್ಲ. ಬೀಚು ಕಡಲಾಮೆ ಮೊಟ್ಟೆಯಿಡುವ ಜಾಗ. ಸೀಸನ್ನಿನಲ್ಲಿ ಕತ್ತಲಾಗುವ ಮುಂಚೆ ಎಬ್ಬಿಸಿ ಕಳಿಸುತ್ತಾರೆ, ಕೊನೆಯ ಬಸ್ಸಿಗೆ ಅದೇ ಅಲಾರಾಂ.

ಹಳೆಯ ಊರೊಂದು ಸಮುದ್ರದಲ್ಲಿ ಮುಳುಗಿರುವ ಕೆಕೊವಾ ದ್ವೀಪದ ವಿಷಯದಲ್ಲಿ ಜಾಸ್ತಿ ದುಡ್ಡು ಕಳೆದೆ. ಕಾಶ್ ಬಂದರಿನಿಂದ ಹೊರಡುವ ದೊಡ್ಡ ದೋಣಿ, ಸ್ಪೀಕರಿನಲ್ಲಿ ಡಿಸ್ಕೋ, ಮುಳುಗಿದ ಊರಿನ ಮುಂದೆ ನಿಂತದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎರಡನೇ ಸಲ ಮೂವರು ಸೇರಿ ಉಚಾಯಿಜ್ ಹಳ್ಳಿಗೆ ಟ್ಯಾಕ್ಸಿ ಮಾಡಿಕೊಂಡು, ಅಲ್ಲಿಂದ ಚಿಕ್ಕ ದೋಣಿ ಹಿಡಿದೆವು. ಅರ್ಧ ದುಡ್ಡು, ಸದ್ದಿಲ್ಲ, ನೀರೊಳಗಿನ ಮೆಟ್ಟಿಲು ನಿಧಾನವಾಗಿ ನೋಡಿದೆವು. ಅವಶೇಷಗಳ ಮೇಲೆ ಈಜುವುದಕ್ಕೆ ನಿಷೇಧ ಇದೆ, ಗೊತ್ತಿರಲಿ. ಕಾರು ರಸ್ತೆಯೇ ಇಲ್ಲದ ಕಲೆಕೊಯ್‌ನಲ್ಲಿ ಇಳಿದು ಕೋಟೆ ಹತ್ತಿ, ಲಿಸಿಯನ್ ದಾರಿ ಅನ್ನೋ ಉದ್ದದ ಕಾಲ್ದಾರಿಯ ಕೆಂಪು-ಬಿಳಿ ಗುರುತು ಹಿಡಿದು ನಡೆದೇ ಉಚಾಯಿಜ್‌ಗೆ ವಾಪಸ್ ಬಂದೆವು. ಯಾವ ದೋಣಿಯವರು, ಎಷ್ಟು ಹೊತ್ತಿಗೆ ಹೋಗಿ ಕೇಳಿದೆ ಅನ್ನೋದು ಇಲ್ಲಿ ಬೇಡ. ಬರೆದರೆ ಮುಂದಿನ ವರ್ಷ ನನಗೇ ಆ ದರ ಸಿಗಲ್ಲ.

ಊಟಕ್ಕೆ ಒಂದು ಪ್ರಯೋಗ ಮಾಡಿದೆ. ಮನೆಯಿಂದ ತೆಳು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ. ಕಾಶ್‌ನ ಶುಕ್ರವಾರದ ಸಂತೆಯ ಗಟ್ಟಿ ಮೊಸರಿಗೆ ಕಲಸಿದರೆ ಮೊಸರವಲಕ್ಕಿ ನಮ್ಮಲ್ಲಿಗಿಂತ ಚೆನ್ನಾಗಿತ್ತು. ಮಧ್ಯಾಹ್ನ ಗೊಜ್ಲೆಮೆ ಅನ್ನೋ ಆಲೂಗಡ್ಡೆ ತುಂಬಿದ ತೆಳು ರೊಟ್ಟಿ, ಜೊತೆಗೆ ಐರಾನ್, ಅಂದರೆ ಅಲ್ಲಿನ ಮಜ್ಜಿಗೆ. ಬೇಳೆ ಸೂಪಿನ ಬಗ್ಗೆ ಹುಷಾರು, ಕೆಲವು ಕಡೆ ಮೂಳೆ ಬೇಯಿಸಿದ ನೀರು ಹಾಕುತ್ತಾರೆ. "ಎತ್ ಸುಯು ವಾರ್ ಮಿ?" (ಮಾಂಸದ ನೀರು ಇದೆಯಾ?) ಅಂತ ಕೇಳಿ ತಿನ್ನಿ.

ಓಡಾಟದಲ್ಲಿ ಉಳಿದದ್ದನ್ನು ಟಿಕೆಟ್ಟುಗಳು ಸ್ವಲ್ಪ ನುಂಗಿದವು. ವಿದೇಶಿಯರಿಗೆ ಯೂರೋ ಲೆಕ್ಕ. ಡೆಮ್ರೆ ಹತ್ತಿರದ ಮೈರಾದ ಬಂಡೆ ಸಮಾಧಿಗಳಿಗೇ ಸಾವಿರ ರೂಪಾಯಿ ದಾಟಿತು. ಕಾಶ್‌ನ ಹಳೆಯ ರಂಗಮಂದಿರ ಮಾತ್ರ ಪುಕ್ಕಟೆ. ಎದುರಿಗೆ ಕಾಣುವ ಗ್ರೀಕ್ ದ್ವೀಪ ಮೆಯಿಸ್‌ಗೆ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಶೆಂಗೆನ್ ವೀಸಾ ಬೇಕು, ಟರ್ಕಿಗೆ ಮರಳಿ ಬರಲು ಟರ್ಕಿ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿಯೂ ಬೇಕು. ದೋಣಿ ಟಿಕೆಟ್ ತಗೊಳ್ಳುವ ಮೊದಲೇ ಪಾಸ್‌ಪೋರ್ಟ್ ತೆಗೆದು ಅದನ್ನು ನೋಡಿಕೊಳ್ಳಿ.